ಕರ್ತೃ ಕಾಣೆಯಾದ ವಾಕ್ಯ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಓದಲು ಸಿಗುವ ಹೊತ್ತು ಕಡಿಮೆ. ಹದಿನಾರು ಕಿಲೋಮೀಟರಿನ ಹಾದಿ, ಕೋರಮಂಡಲ್ ದಾಟಿ ಬೆಮೆಲ್ ನಗರ, ಉರಿಗಾಂ, ಚಾಂಪಿಯನ್ ಎನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆ ಹೊತ್ತಿಗೆ ನಾನು ಇಟ್ಟುಕೊಂಡಿರುವುದು ಪತ್ರಿಕೆಗಳ ವಿಜ್ಞಾನ ಪುಟ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ವಿಜ್ಞಾನ ಪುಟದ ಉಸಾಬರಿ ಯಾಕೆ ಎಂದು ಸಹೋದ್ಯೋಗಿಗಳು ನಗುತ್ತಾರೆ. ನನ್ನ ಆಸಕ್ತಿ ಅಲ್ಲಿನ ಸುದ್ದಿಗಿಂತ ಅಲ್ಲಿನ ವಾಕ್ಯಗಳ ಮೇಲೆ. 'ಕಂಡುಬಂದಿದೆ', 'ಪತ್ತೆಹಚ್ಚಲಾಗಿದೆ', 'ಸಂಶೋಧನೆಯಿಂದ ತಿಳಿದುಬಂದಿದೆ'. ಕಂಡದ್ದು ಯಾರಿಗೆ, ಪತ್ತೆ ಹಚ್ಚಿದ್ದು ಯಾರು, ಯಾರ ಮೈಯಲ್ಲಿ?

2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಡೇವಿಡ್ ಬೇಕರ್ ಅವರಿಗೂ ಉಳಿದರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಬಂತು. ಪ್ರೋಟೀನು ಯಾವ ಆಕಾರದಲ್ಲಿ ಮಡಚಿಕೊಳ್ಳುತ್ತದೆ ಎಂಬುದನ್ನು ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಕಾರ್ಯಕ್ರಮದಿಂದ ಮುಂದಾಗಿ ಹೇಳಬಹುದು ಎಂದು ತೋರಿಸಿದ್ದು ಈ ಕೊನೆಯ ಇಬ್ಬರ ಸಾಧನೆ. ರಸಾಯನಶಾಸ್ತ್ರ, ವೈದ್ಯ, ಗಣಕ ಎಂಬ ಮೂರು ಬೇರೆ ಬೇರೆ ಕೋಣೆಗಳ ನಡುವಿನ ಗೋಡೆ ಬಿದ್ದಿತು ಎಂಬ ಅರ್ಥದ ಬರಹಗಳನ್ನು ಆಗ ಬಹಳ ಓದಿದೆ. ಓದಿದಾಗೆಲ್ಲ ಒಂದು ಮಾತು ಹೊಳೆಯುತ್ತಿತ್ತು. ಈ ಮೂರೂ ವಿದ್ಯೆಗಳು ಒಂದೇ ಊರಿನ ಮೇಲೆ ಬಂದು ಕೂತ ಜಾಗ ನಮ್ಮಲ್ಲೇ ಇದೆಯಲ್ಲ, ಅದನ್ನು ನಾವು ಕನ್ನಡದಲ್ಲಿ ಹೇಗೆ ಓದಿದ್ದೇವೆ? ಕೋಲಾರ ಚಿನ್ನದ ಗಣಿಯ ಬಗ್ಗೆ ಕಥೆ, ಸಿನಿಮಾ, ಲಾವಣಿಗಳ ಮಾತಾಡುತ್ತೇವೆ. ಆ ಊರಿನ ಬಗ್ಗೆ ಬರೆಯಲಾದ ಸಂಶೋಧನ ಪ್ರಬಂಧಗಳನ್ನು ಯಾವ ವಿಮರ್ಶಕನೂ ಪಠ್ಯವೆಂದು ಕೈಗೆತ್ತಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. (ಈಗ ತಾನೇ 'ಬರೆಯಲಾದ' ಎಂದು ಬರೆದೆ, ಗಮನಿಸಿ. ಈ ಚಟ ನನಗೂ ಇದೆ.)

ಮೊದಲು ವ್ಯಾಕರಣ. ಹೈಸ್ಕೂಲಿನಲ್ಲಿ ಕಲಿಸುವ ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಗೆ ಒಂದು ಜಾಗ ಇದ್ದೇ ಇರುತ್ತದೆ. 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದಾಗ ರಾಮ ತೃತೀಯಾ ವಿಭಕ್ತಿಯ ಮೂಲೆಯಲ್ಲಾದರೂ ನಿಂತಿರುತ್ತಾನೆ. ಆದರೆ ನಮ್ಮ ಕಚೇರಿ ಕನ್ನಡಕ್ಕೆ ಪ್ರಿಯವಾದ '-ಲಾಯಿತು', '-ಲಾಗಿದೆ' ರೂಪ ಹಾಗಲ್ಲ. 'ರಾವಣನನ್ನು ಕೊಲ್ಲಲಾಯಿತು' ಎಂದ ಮೇಲೆ ರಾಮನನ್ನು ಎಲ್ಲಿ ಕೂರಿಸುತ್ತೀರಿ? 'ರಾಮನಿಂದ' ಎಂದು ತುರುಕಿದರೆ ಕಿವಿಗೆ ಒಡೆಯುತ್ತದೆ. ನೀರು ನಿಲ್ಲಿಸುವ ಪುರಸಭೆಯ ನೋಟೀಸಿಗೂ, 'ಮಾದರಿಗಳನ್ನು ಸಂಗ್ರಹಿಸಲಾಯಿತು' ಎನ್ನುವ ವಿಜ್ಞಾನ ಬರಹಕ್ಕೂ ಇದೇ ರೂಪ ಬೇಕು. ಮಾಡಿದವರನ್ನು ಹೆಸರಿಸುವ ಹೊಣೆಯನ್ನು ವಾಕ್ಯವೇ ಕಳಚಿಕೊಂಡುಬಿಡುತ್ತದೆ.

ಇದು ಬರೀ ಶೈಲಿಯ ಜಗಳವಾಗಿದ್ದರೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಸಿಲಿಕೋಸಿಸ್ ಬಗ್ಗೆ ಓದಲು ಕೂತಾಗ ಇದರ ಬೆಲೆ ಗೊತ್ತಾಯಿತು.

ಭಾರತದಲ್ಲಿ ಸಿಲಿಕೋಸಿಸ್ ಬಗೆಗಿನ ವೈದ್ಯಕೀಯ ಬರವಣಿಗೆ ಕೆಜಿಎಫ್‌ನಿಂದಲೇ ಶುರುವಾಗುತ್ತದೆ ಎಂದರೆ ತಪ್ಪಾಗದು. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರ ಪರೀಕ್ಷೆ ನಡೆಯಿತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇತ್ತು. ಇಂದಿಗೂ ಈ ವಿಷಯದ ಪ್ರಬಂಧಗಳು ಪೀಠಿಕೆಯಲ್ಲಿ ಈ ಅಂಕಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಸಾಲಿನ ಒಳಗೆ ಏನಿದೆ ಎಂದು ಬಿಡಿಸಿ ನೋಡಬೇಕು. ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಧೂಳಿನಲ್ಲಿ ಕೆಲವು ಮೈಕ್ರಾನ್ ಗಾತ್ರದ ಕಣಗಳು ಮೂಗು, ಗಂಟಲಿನ ಕಾವಲು ದಾಟಿ ಶ್ವಾಸಕೋಶದ ತಳಕ್ಕೆ ಹೋಗುತ್ತವೆ. ಅಲ್ಲಿ ಕಸ ನುಂಗುವ ಕೆಲಸದ ಜೀವಕೋಶಗಳು ಇವನ್ನೂ ನುಂಗುತ್ತವೆ. ಕಲ್ಲು ಜೀರ್ಣವಾಗುವುದಿಲ್ಲ. ನುಂಗಿದ ಕೋಶ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಪ್ರತಿ ಸಾವಿನ ಜಾಗದಲ್ಲಿ ಒಂದಿಷ್ಟು ಕಲೆಗಟ್ಟುತ್ತದೆ. ಗಣಿ ಬಿಟ್ಟ ಮೇಲೂ ಇದು ನಿಲ್ಲುವುದಿಲ್ಲ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೊನೆಯ ಪಾಳಿಯಲ್ಲಿ ಮೇಲೆ ಬಂದವರ ಎದೆಯೊಳಗೆ ಪಾಳಿ ಇನ್ನೂ ಮುಗಿದಿಲ್ಲದೆ ಇರಬಹುದು.

ಹೀಗಿದ್ದರೂ ಈ ಕಾಯಿಲೆ ತನ್ನ ಹೆಸರಿನಿಂದ ಕರೆಸಿಕೊಳ್ಳುವುದು ಅಪರೂಪ. ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುವ ಬಿಳಿ ಚುಕ್ಕೆಗಳು ಕ್ಷಯದ ಚುಕ್ಕೆಗಳನ್ನು ಹೋಲುತ್ತವೆ. ಸಿಲಿಕಾ ತುಂಬಿದ ಎದೆಗೆ ಕ್ಷಯ ಬೇಗ ಹತ್ತುತ್ತದೆ ಎಂಬುದು ಇನ್ನೊಂದು ತೊಡಕು. ಎರಡೂ ಒಟ್ಟಿಗೆ ಇರಬಹುದು. ಇಲ್ಲಿಗೆ ಬರುತ್ತದೆ ಹೊಸ ಸಂಶೋಧನೆ. ಎದೆಯ ಎಕ್ಸ್-ರೇಯನ್ನು ಕಂಪ್ಯೂಟರ್ ಓದಿ ಕ್ಷಯದ ಸಾಧ್ಯತೆಗೆ ಒಂದು ಅಂಕ ಕೊಡುವ ತಂತ್ರಾಂಶಗಳನ್ನು ಹದಿನೈದು ವರ್ಷ ಮೇಲ್ಪಟ್ಟವರ ತಪಾಸಣೆಯಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ರೇಡಿಯಾಲಜಿಸ್ಟ್ ಇಲ್ಲದ ತಾಲ್ಲೂಕುಗಳಿಗೆ ಇದು ವರವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಕಲಿಯುವುದು ಮನುಷ್ಯರು ಹಿಂದೆ ಹಚ್ಚಿದ ಹೆಸರುಗಳಿಂದ. 'ಕ್ಷಯ' ಎಂದು ಹೆಸರು ಹಚ್ಚಿದ ಚಿತ್ರಗಳಲ್ಲಿ ಎಷ್ಟೋ ಬೆಣಚುಕಲ್ಲಿನ ಎದೆಗಳೂ ಸೇರಿದ್ದರೆ, ಆ ತಪ್ಪು ಇನ್ನು ಮುಂದೆ ಡಾಕ್ಟರರ ಕೈಬರಹದಲ್ಲಿರದೆ ದಶಮಾಂಶ ಬಿಂದುವಿನ ಗಾಂಭೀರ್ಯದಲ್ಲಿ ಬರುತ್ತದೆ. 'ಗುರುತಿಸಲಾಗಿದೆ' ಎಂಬ ಕ್ರಿಯಾಪದಕ್ಕೆ ಇದಕ್ಕಿಂತ ತಕ್ಕ ಕರ್ತೃ ಇನ್ನೊಂದು ಸಿಗಲಾರದು. ಯಾರೂ ಗುರುತಿಸಿಲ್ಲ, ಗುರುತಾಗಿದೆ.

ಚಾಂಪಿಯನ್‌ನಲ್ಲಿ ಇಳಿಯುವ ಹಿರಿಯರೊಬ್ಬರು ಕೆಲವು ತಿಂಗಳು ನನ್ನ ಎದುರಿನ ಸೀಟಿನವರಾಗಿದ್ದರು. ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದರು, ಉಸಿರು ಕೂಡಿಸಿಕೊಳ್ಳಲು.

"ಟೀಬಿ ಅಂದ್ರು ಮೇಷ್ಟ್ರೇ. ಆರು ತಿಂಗಳು ಮಾತ್ರೆ ನುಂಗಿದೆ. ಮಾತ್ರೆ ಮುಗೀತು, ದಮ್ಮು ಹಂಗೇ ಐತೆ."

"ಮೊದಲು ಏನು ಕೆಲಸ ಮಾಡ್ತಿದ್ರಿ ಅಂತ ಅವರು ಕೇಳಲಿಲ್ವಾ?"

"ಕೇಳಾಕೇನೈತೆ? ಕೆಜಿಎಫ್‌ನವನು ಅಂದ್ರೆ ಎಲ್ರಿಗೂ ಗೊತ್ತಲ್ವಾ."

ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದುಕೊಳ್ಳುವುದಿಲ್ಲ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ, ಕಸುಬುದಾರರ ಕಾಯಿಲೆಗಳ ಮೇಲೆ ಬರೆದ ತನ್ನ ಪುಸ್ತಕದಲ್ಲಿ, ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂದ: ನಿನ್ನ ಕೆಲಸವೇನು? ಮುನ್ನೂರು ವರ್ಷ ದಾಟಿದರೂ ಹೊರರೋಗಿ ಚೀಟಿಯಲ್ಲಿ ಆ ಪ್ರಶ್ನೆಗೆ ಒಂದು ಗೆರೆ ಬಿಟ್ಟಿರುವುದನ್ನು ನಾನು ಕಂಡಿದ್ದು ಕಡಿಮೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಸಿ16 ಎಂಬ ಪ್ರೋಟೀನಿನ ಮೇಲೆ ಕೆಲಸ ಮಾಡಿದೆ. ಶ್ವಾಸಕೋಶದ ಕೆಲವು ಕೋಶಗಳು ಸ್ರವಿಸುವ ಈ ಪ್ರೋಟೀನು, ಸಿಲಿಕಾ ಧೂಳಿಗೆ ಒಡ್ಡಿಕೊಂಡವರ ರಕ್ತದಲ್ಲಿ ಇಳಿಯುತ್ತದೆ. ಎಕ್ಸ್-ರೇಯಲ್ಲಿ ಚುಕ್ಕೆ ಮೂಡುವ ಮೊದಲೇ ಒಂದು ಹನಿ ರಕ್ತದಿಂದ ಸುಳಿವು ಸಿಗಬಹುದು ಎಂಬ ಆಸೆ ಇದರ ಹಿಂದಿದೆ. ಒಳ್ಳೆಯ ರಸಾಯನಶಾಸ್ತ್ರ, ಒಳ್ಳೆಯ ಉದ್ದೇಶ. ಆದರೆ ಯಾರ ರಕ್ತ ತೆಗೆಯಬೇಕೆಂದು ತಿಳಿಯಲು ರಾಮಝೀನಿಯ ಪ್ರಶ್ನೆಯನ್ನೇ ಮೊದಲು ಕೇಳಬೇಕಲ್ಲ?

ಇಷ್ಟು ಹೇಳಿ ವಿಜ್ಞಾನದ ಭಾಷೆ ನಿರ್ದಯಿ ಎಂದು ತೀರ್ಪು ಕೊಡುವುದು ಸುಲಭ. ಸಾಹಿತ್ಯದವರು ಅದನ್ನೇ ಮಾಡುತ್ತ ಬಂದಿದ್ದೇವೆ. ನನ್ನನ್ನು ಆ ಸುಲಭದಿಂದ ತಪ್ಪಿಸಿದ್ದು ಅದೇ ಗಣಿಯಲ್ಲಿ ಹುಟ್ಟಿದ ಇನ್ನೊಂದು ಪ್ರಬಂಧ.

ಕಾಸ್ಮಿಕ್ ಕಿರಣಗಳನ್ನು ಅಳೆಯಲು ಹೋಮಿ ಭಾಭಾ ಕಳಿಸಿದ ಕನ್ನಡಿಗ ಬಿ.ವಿ. ಶ್ರೀಕಂಠನ್ 1951ರಲ್ಲೇ ಗಣಿಗೆ ಇಳಿದಿದ್ದರು. ಆಳಕ್ಕೆ ಹೋದಂತೆ ಮ್ಯುಯಾನ್ ಕಣಗಳು ಕಡಿಮೆಯಾಗುತ್ತ ಹೋದವು. ಒಂಬತ್ತು ಸಾವಿರ ಅಡಿಗೂ ಕೆಳಗೆ ಸುಮಾರು ಎರಡು ತಿಂಗಳು ಉಪಕರಣ ಇಟ್ಟು ಕಾದರೂ ಒಂದೂ ದಾಖಲಾಗಲಿಲ್ಲ. ಸೋಲೆಂದು ಬಗೆಯಬಹುದಾಗಿದ್ದ ಆ ಸೊನ್ನೆಯನ್ನೇ ಅವರು ಅವಕಾಶವೆಂದು ಓದಿದರು: ಇಷ್ಟು ಮೌನವಿರುವ ಜಾಗದಲ್ಲಿ ಏನಾದರೂ ಸದ್ದು ಕೇಳಿದರೆ ಅದು ನ್ಯೂಟ್ರಿನೊ ಮಾಡಿದ್ದೇ ಇರಬೇಕು. ಮುಂಬೈನ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 7,600 ಅಡಿ ಆಳದಲ್ಲಿ ಪ್ರಯೋಗ ಹೂಡಿದವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಮೊದಲ ವರದಿ 1965ರ ಆಗಸ್ಟ್ 15ರ 'ಫಿಸಿಕ್ಸ್ ಲೆಟರ್ಸ್'ನಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ಗುಂಪಿನ ಪ್ರಬಂಧ ಬಂದದ್ದು ಎರಡು ವಾರದ ನಂತರ. ಎರಡೂ ಕಡೆ ಚಿನ್ನದ ಗಣಿಯೇ ಎಂಬುದನ್ನು ನೋಡಿ. ಮನುಷ್ಯ ಅಷ್ಟು ಆಳ ತೋಡಿದ್ದು ಬೇರೆ ಯಾವುದಕ್ಕೆ?

ಪ್ರಬಂಧದ ನೆತ್ತಿಯ ಮೇಲೆ ಹನ್ನೊಂದು ಹೆಸರುಗಳಿವೆ. ಆ ಆಳವನ್ನು ತೋಡಿದವರ ಹೆಸರು ಅದರಲ್ಲಿಲ್ಲ, ಇರಬೇಕೆಂದು ಹಟ ಮಾಡಿದರೆ ಅದು ಪ್ರಬಂಧವೆಂಬ ಪ್ರಕಾರವನ್ನೇ ತಪ್ಪಾಗಿ ಓದಿದಂತೆ. ಇಲ್ಲಿ ಕರ್ತೃವನ್ನು ಹಿಂದಕ್ಕೆ ಸರಿಸಿದ್ದಕ್ಕೆ ಒಂದು ಘನತೆಯೂ ಇದೆ. ನೋಡಿದ್ದು ಯಾರಾದರೇನು, ನೀವು ಅಲ್ಲಿ ನಿಂತರೆ ನಿಮಗೂ ಇದೇ ಕಾಣುತ್ತದೆ ಎಂಬ ಆಹ್ವಾನ ಅದು. ಅದೇ ಗಣಿಯಲ್ಲಿ ಮುಂದೆ ಕೆಲವು ವಿಚಿತ್ರ ಘಟನೆಗಳು ದಾಖಲಾದವು: ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲೇ ಹುಟ್ಟಿದಂತೆ ತೋರುವ ಕಣಗಳ ಜಾಡು. ವಿವರಣೆ ಸಿಗಲಿಲ್ಲ. 'ಕೋಲಾರ್ ಈವೆಂಟ್ಸ್' ಎಂಬ ಹೆಸರು ಮಾತ್ರ ಉಳಿಯಿತು. ಸುಮಾರು ನಲವತ್ತು ವರ್ಷದ ಬಳಿಕ, 2014ರಲ್ಲಿ, ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಇವನ್ನು ಮತ್ತೆ ಎತ್ತಿಕೊಂಡು, ಇವು ಡಾರ್ಕ್ ಮ್ಯಾಟರ್ ಕಣಗಳು ಕ್ಷಯಿಸಿದ್ದರ ಗುರುತಿರಬಹುದೇ ಎಂದು ಕೇಳಿದರು. ಉತ್ತರ ಇನ್ನೂ ಬಂದಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದು, ಅರ್ಥವಾಗದ್ದನ್ನು ಬಲವಂತವಾಗಿ ಮುಗಿಸದೆ ಬಿಟ್ಟ ಬರವಣಿಗೆ ಅಷ್ಟು ಕಾಲ ತಾಳುತ್ತದೆ. ನಮ್ಮ ಎಷ್ಟು ಕಥೆಗಳ ಬಗ್ಗೆ ಈ ಮಾತು ಹೇಳಬಹುದು?

ಹೋಲಿಕೆಗೆ ಸಿನಿಮಾ. 2018 ಮತ್ತು 2022ರ 'ಕೆ.ಜಿ.ಎಫ್' ಚಿತ್ರಗಳು ಕರ್ತೃವಿನ ಬರವನ್ನು ಒಬ್ಬನೇ ನಾಯಕನಿಂದ ತುಂಬಿದವು. ಎಲ್ಲ ಕ್ರಿಯಾಪದಗಳೂ ಅವನವೇ, ಉಳಿದವರೆಲ್ಲ ಕರ್ಮಪದ. ಪಾ. ರಂಜಿತ್ ಅವರ ತಮಿಳಿನ 'ತಂಗಲಾನ್' (2024) ಅಗೆದವರನ್ನೇ ಕರ್ತೃವಾಗಿಸಲು ಹೊರಟಿತು. ಆ ಊರಿನ ಮನೆಮಾತು ಬಹಳಷ್ಟು ತಮಿಳೇ ಆಗಿರುವಾಗ ಅಲ್ಲಿಂದ ಆ ಪ್ರಯತ್ನ ಬಂದದ್ದು ಸಹಜ, ಕನ್ನಡದವರಿಗೆ ಕೊಂಚ ಮುಜುಗರದ್ದೂ ಹೌದು. ಚಿತ್ರೀಕರಣಕ್ಕೆ ಒದಗಿದ ಆ ಬೂದುಬಣ್ಣದ ದಿಬ್ಬಗಳನ್ನು ಎಲ್ಲರೂ 'ಸೈನೈಡ್ ಗುಡ್ಡ' ಎನ್ನುತ್ತೇವೆ. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ, ಸತುವಿನಿಂದ ಹೊರಗೆಳೆದು, ಉಳಿದ ಮರಳನ್ನು ಸುರಿದ ರಾಶಿ ಅದು. ಬಿಡಿ ಸೈನೈಡ್ ಬಿಸಿಲು ಗಾಳಿಗೆ ವರ್ಷಗಳಲ್ಲಿ ಒಡೆದು ಹೋಗುತ್ತದೆ. ಹೋಗದೆ ಉಳಿಯುವುದು ಹಿಟ್ಟಿನಂಥ ಸಿಲಿಕಾ, ಜೊತೆಗೆ ಅದಿರಿನಲ್ಲಿದ್ದ ಲೋಹಗಳು. ಗಾಳಿಯ ಕಾಲದಲ್ಲಿ ಅದು ಬೀದಿಗೆ, ಅಡುಗೆಮನೆಗೆ ಬರುತ್ತದೆ. ಸೈನೈಡ್ ಎಂಬ ಪದಕ್ಕೆ ಪತ್ತೇದಾರಿ ಕಾದಂಬರಿಯ ಹೊಳಪಿದೆ, ಧೂಳು ಎಂಬುದಕ್ಕೆ ಇಲ್ಲ. ರೋಚಕ ಹೆಸರೊಂದು ನಿಜವಾದ ಅಪಾಯವನ್ನು ಮರೆಮಾಡಿದ ಬಗೆ ಇದು. ಸುಮಾರು 3.3 ಕೋಟಿ ಟನ್ನಿನ ಈ ರಾಶಿಯಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಉಳಿದಿದೆ. 13 ದಿಬ್ಬಗಳಿಂದ ಅದನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬ ಕೆದಕುವಾಗ ಏಳುವ ಧೂಳಿನ ಬಗ್ಗೆ ಮುಂದೆ ಪ್ರಬಂಧಗಳು ಬರುತ್ತವೆ. ಅವು ಯಾವ ಕ್ರಿಯಾಪದದಲ್ಲಿ ಬರುತ್ತವೆ ಎಂಬ ಕುತೂಹಲ ನನಗಿದೆ.

ಕಳೆದ ವರ್ಷ ತರಗತಿಯಲ್ಲಿ ಒಂದು ಅಭ್ಯಾಸ ಕೊಟ್ಟೆ. ಧೂಳಿನ ಕಾಯಿಲೆಯ ಬಗ್ಗೆ ನಾನೇ ಬರೆದ ಹತ್ತು ಸಾಲು, ಎಲ್ಲವೂ '-ಲಾಗಿದೆ'. ಅದನ್ನು ಕರ್ತೃ ಇರುವ ವಾಕ್ಯಗಳಾಗಿ ತಿದ್ದಿ ತನ್ನಿ ಎಂದೆ. ಬಹಳ ಮಂದಿ ಎಲ್ಲ ಕಡೆ 'ವಿಜ್ಞಾನಿಗಳು' ಎಂದು ಸೇರಿಸಿ ಕೈತೊಳೆದುಕೊಂಡರು. ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿಯ ಬಳಿ ನಿಂತು ಸಹಪಾಠಿಗಳಿಗೆ ಉತ್ತರ ಹೇಳಿಕೊಟ್ಟವರು ಯಾರೆಂದೂ ನನಗೆ ಗೊತ್ತು. ಉರಿಗಾಂ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಮಾತ್ರ 'ಎಕ್ಸ್-ರೇ ತೆಗೆಯಲಾಯಿತು' ಎಂಬ ಸಾಲಿನ ಮುಂದೆ ಪೆನ್ಸಿಲಿನಲ್ಲಿ ತನ್ನ ತಾತನ ಹೆಸರು, ಅವರು ಇಳಿಯುತ್ತಿದ್ದ ಷಾಫ್ಟಿನ ಹೆಸರು, ಇಸವಿ ಬರೆದು, ವಾಕ್ಯವನ್ನು ತಿದ್ದದೆ ಹಾಗೇ ಬಿಟ್ಟಿದ್ದಳು. ಕೆಳಗೆ ಒಂದು ಟಿಪ್ಪಣಿ: "ಸಾರ್, ತೆಗೆದವರು ಯಾರೆಂದು ಮನೆಯಲ್ಲಿ ಕೇಳಿದೆ. ಗೊತ್ತಿಲ್ಲವಂತೆ. ಫಿಲ್ಮ್ ನಮ್ಮ ಟ್ರಂಕಿನಲ್ಲಿದೆ."