ದಿನಚರಿಯೂ ಒಂದು ವೇಷ

ಗುಟ್ಟು ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಓದುವವರು ಕಡಿಮೆ. ಪೀಟರ್ ಅಕ್ರಾಯ್ಡ್ ಅವರ ‘ಡ್ಯಾನ್ ಲೆನೊ ಅಂಡ್ ದ ಲೈಮ್‌ಹೌಸ್ ಗೋಲೆಮ್’ (1994) ನನಗೆ ದಕ್ಕಿದ್ದು ಎರಡನೆಯ ಓದಿನಲ್ಲೇ. ಹಾಗಾಗಿ ಇಲ್ಲಿ ಗುಟ್ಟು ಬಿಟ್ಟುಕೊಟ್ಟೇ ಮಾತಾಡುತ್ತೇನೆ.

ಕಾದಂಬರಿ ತೆರೆದುಕೊಳ್ಳುವುದು 1881ರ ಒಂದು ನೇಣಿನಿಂದ. ಗಂಡ ಜಾನ್ ಕ್ರೀಗೆ ವಿಷವಿಕ್ಕಿದ ಆರೋಪದ ಮೇಲೆ ಎಲಿಜಬೆತ್‌ಳನ್ನು ಗಲ್ಲಿಗೇರಿಸುತ್ತಾರೆ. ಅಲ್ಲಿಂದ ಕತೆ ಹಿಂದಕ್ಕೆ ಹೊರಳುತ್ತದೆ. 1880ರ ಲಂಡನ್ನಿನ ಲೈಮ್‌ಹೌಸ್ ಎಂಬ ಬಡವರ ಕೇರಿಯಲ್ಲಿ ಸಾಲುಕೊಲೆಗಳಾಗುತ್ತಿವೆ. ಕೊಲೆಗಾರನಿಗೆ ಜನ ಇಟ್ಟ ಹೆಸರು ಗೋಲೆಮ್, ಯಹೂದಿ ದಂತಕತೆಯ ಮಣ್ಣಿನ ಜೀವಿ. ಕಾರ್ಲ್ ಮಾರ್ಕ್ಸ್, ಕಾದಂಬರಿಕಾರ ಜಾರ್ಜ್ ಗಿಸ್ಸಿಂಗ್, ನಟ ಡ್ಯಾನ್ ಲೆನೊ, ಚರಿತ್ರೆಯ ಈ ಮೂವರನ್ನೂ ಪೊಲೀಸರು ವಿಚಾರಿಸುತ್ತಾರೆ.

ಆದರೆ ಕತೆಯ ನಿಜವಾದ ನೆಲ ಮ್ಯೂಸಿಕ್ ಹಾಲ್. ಹಾಡು, ಕುಣಿತ, ಹಾಸ್ಯ ಒಂದೇ ರಾತ್ರಿಯಲ್ಲಿ ಸಿಗುತ್ತಿದ್ದ, ದುಡಿಯುವ ಜನರ ರಂಗಭೂಮಿ ಅದು. ಲೆನೊ (1860–1904) ಸ್ತ್ರೀವೇಷದ ಹಾಸ್ಯಕ್ಕೆ ಹೆಸರಾದವನು. ಹಾಯಿಪಟ ಹೊಲಿಯುವ ತಾಯಿಯ ಮಗಳು ಎಲಿಜಬೆತ್ ಅನಾಥಳಾಗಿ ಅಲ್ಲಿಗೆ ಬರುತ್ತಾಳೆ, ಗಂಡುವೇಷದಲ್ಲಿ ಗೆಲ್ಲುತ್ತಾಳೆ. ಆ ಉಡುಗೆಯಲ್ಲೇ ರಾತ್ರಿ ಬೀದಿಗೂ ಇಳಿಯುತ್ತಾಳೆ. ಮೊದಲ ಓದಿನಲ್ಲಿ ಇದು ಬರೀ ಚೇಷ್ಟೆಯಂತೆ ಕಾಣುತ್ತದೆ.

ಇದರ ನಡುನಡುವೆ ಜಾನ್ ಕ್ರೀಯ ದಿನಚರಿಯ ಪುಟಗಳು ಬರುತ್ತವೆ. ಕೊಲೆಗಳನ್ನು ಕಲಾಕೃತಿಗಳೆಂಬಂತೆ ಬಣ್ಣಿಸುವ ಪುಟಗಳು. 1811ರ ರಾಟ್‌ಕ್ಲಿಫ್ ಹೈವೇ ಕೊಲೆಗಳ ನೆನಪಿನಲ್ಲಿ ಡಿ ಕ್ವಿನ್ಸಿ 1827ರಲ್ಲಿ ಬರೆದ, ಕೊಲೆಯನ್ನು ಲಲಿತಕಲೆಯಾಗಿ ನೋಡುವ ವ್ಯಂಗ್ಯ ಪ್ರಬಂಧವನ್ನು ಈ ದಿನಚರಿ ವ್ಯಂಗ್ಯವಿಲ್ಲದೆ ಓದಿಕೊಂಡಿದೆ. ಅದು ಬ್ರಿಟಿಷ್ ಮ್ಯೂಸಿಯಂನ ಹಸ್ತಪ್ರತಿ ವಿಭಾಗದಲ್ಲಿದೆ ಎಂದು ನಿರೂಪಕ ಗಂಭೀರವಾಗಿ ಹೇಳುತ್ತಾನೆ. ನಾವು ನಂಬುತ್ತೇವೆ. ಕೊನೆಗೆ ತಿಳಿಯುವುದೇನೆಂದರೆ, ಕೊಲೆಗಳೂ ಎಲಿಜಬೆತ್‌ಳವೇ, ದಿನಚರಿಯೂ ಅವಳದ್ದೇ. ಗಂಡನ ತಲೆಗೆ ಕಟ್ಟಲು ಗಂಡನ ದನಿಯಲ್ಲಿ ಬರೆದದ್ದು. ರಂಗದ ಮೇಲೆ ಕಲಿತ ಗಂಡುವೇಷವನ್ನು ಅವಳು ಕಾಗದದ ಮೇಲೂ ಹಾಕಿದ್ದಾಳೆ.

ಹಸ್ತಪ್ರತಿ, ಕಡತಗಳ ನಡುವೆ ದಿನ ಕಳೆಯುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಈ ತಿರುವು ಬರೀ ಜಾಣತನವಲ್ಲ. ದಿನಚರಿಯನ್ನು ನಂಬಿದ್ದೇಕೆ? ಓದುಬರಹದ, ಮನೆತನದ ಗಂಡಸೊಬ್ಬನ ‘ನಾನು’ ಅಲ್ಲಿ ಮಾತಾಡುತ್ತಿತ್ತು; ದಿನಾಂಕವಿತ್ತು, ಗ್ರಂಥಾಲಯದ ಮೊಹರಿತ್ತು. ಅದೇ ಹೊತ್ತಿಗೆ, ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ಎಲಿಜಬೆತ್‌ಳ ಮಾತನ್ನು ನಟಿಯ ಮಾತೆಂದು ತೂಗಿ ನೋಡಿದ್ದೆವು. ದಾಖಲೆಗೂ ದನಿ, ಭಂಗಿ, ಪ್ರೇಕ್ಷಕ ಇರುತ್ತಾರೆ ಎಂಬುದನ್ನು ಅಕ್ರಾಯ್ಡ್ ವಾದವಾಗಿ ಹೇಳದೆ, ಓದುಗನನ್ನೇ ಮೋಸಗೊಳಿಸಿ ತೋರಿಸುತ್ತಾರೆ.

ನನ್ನ ತಕರಾರು ಇರುವುದೂ ಇಲ್ಲೇ. ಎಲಿಜಬೆತ್‌ಗೆ ಎರಡೆರಡು ‘ನಾನು’ ದಕ್ಕಿವೆ. ಸತ್ತವರಲ್ಲಿ ಹೆಚ್ಚಿನವರಿಗೆ ಒಂದೂ ಇಲ್ಲ. ಮಾರ್ಕ್ಸ್‌ನ ಗೆಳೆಯನಾದ ಮುದಿ ಯಹೂದಿ ವಿದ್ವಾಂಸನಿಗೆ ಮಾತಿದೆ, ಪುಸ್ತಕಗಳಿವೆ. ಬೀದಿಯಲ್ಲಿ ಮೈ ಮಾರಿ ಬದುಕುವ ಹೆಂಗಸರು ಬಂದು ಸಾಯುತ್ತಾರೆ, ಅಷ್ಟೆ. ಕೊಲೆಯನ್ನು ನೋಟವಾಗಿಸುವ ಊರನ್ನು ಹಂಗಿಸುತ್ತಲೇ ಕಾದಂಬರಿ ಅವರನ್ನು ರಂಗಸಜ್ಜಿಕೆಯಾಗಿ ಬಳಸುತ್ತದೆ.

ಇದು ಲೇಖಕರಿಗೆ ಗೊತ್ತಿಲ್ಲದ್ದೇನಲ್ಲ ಎಂಬ ಗುಮಾನಿ ಕೊನೆಯ ಅಧ್ಯಾಯ ಓದಿದಾಗ ಮೂಡುತ್ತದೆ. ಎಲಿಜಬೆತ್‌ಳ ಬದುಕೇ ನಾಟಕವಾಗಿ ರಂಗಕ್ಕೆ ಬರುತ್ತದೆ. ನೇಣಿನ ದೃಶ್ಯದಲ್ಲಿ ಯಂತ್ರ ಕೈಕೊಟ್ಟು ಅವಳ ಪಾತ್ರಧಾರಿ ನಿಜವಾಗಿಯೇ ಸಾಯುತ್ತಾಳೆ. ಆಗ ಲೆನೊ ಎಲಿಜಬೆತ್‌ಳ ವೇಷದಲ್ಲಿ ಮುಂದೆ ಬಂದು ಜನರನ್ನು ನಗಿಸುತ್ತಾನೆ. ಆಟ ನಿಲ್ಲುವುದಿಲ್ಲ. ಮೊದಲ ಸಲ ಓದುವಾಗ ಆ ನಗುವಿನಲ್ಲಿ ನಾನೂ ಇದ್ದೆ. ಎರಡನೆಯ ಸಲ, ಸತ್ತ ನಟಿಯನ್ನು ಯಾರು ಎತ್ತಿಕೊಂಡು ಹೋದರು ಎಂದು ಹುಡುಕುತ್ತಿದ್ದೆ.