ಸುಟ್ಟ ಹಲಗೆಯ ಆಳ: ಜೇರಾಮ್ ಪಟೇಲರ ಕೃತಿಗಳನ್ನು ಕುರಿತು

ಚಿತ್ರ ಮತ್ತು ಶಿಲ್ಪಗಳೆಂಬ ವಿಂಗಡಣೆ ಕಲಾವಿಮರ್ಶೆಗೆ ಅನುಕೂಲಕರವಾದುದು. ಆದರೆ ಆಧುನಿಕ ಭಾರತೀಯ ಕಲೆಯ ಕೆಲವು ಮುಖ್ಯ ಕೃತಿಗಳು ಅದಕ್ಕೆ ಒಳಪಡುವುದಿಲ್ಲ. ಗುಜರಾತಿನ ಸೋಜಿತ್ರಾದಲ್ಲಿ 1930ರಲ್ಲಿ ಜನಿಸಿ, ಮುಂಬಯಿ ಮತ್ತು ಲಂಡನ್ನಿನಲ್ಲಿ ಕಲಿತು, ಬರೋಡಾದಲ್ಲಿ ಅಧ್ಯಾಪಕರಾಗಿದ್ದು, 2016ರಲ್ಲಿ ನಿಧನರಾದ ಜೇರಾಮ್ ಪಟೇಲರು 1960ರ ದಶಕದಲ್ಲಿ ರಚಿಸಿದ ಸುಟ್ಟ ಪ್ಲೈವುಡ್ ಕೃತಿಗಳು ಇದಕ್ಕೆ ನಿದರ್ಶನ.

ಪಟೇಲರು ಸದಸ್ಯರಾಗಿದ್ದ, ಹನ್ನೆರಡು ಕಲಾವಿದರ ‘ಗ್ರೂಪ್ 1890’ ತನ್ನ ಏಕೈಕ ಪ್ರದರ್ಶನವನ್ನು 1963ರಲ್ಲಿ ದೆಹಲಿಯಲ್ಲಿ ನಡೆಸಿತು. ನೆಹರೂ ಅದನ್ನು ಉದ್ಘಾಟಿಸಿದರು. ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಜ್ ಪ್ರದರ್ಶನದ ಪುಸ್ತಿಕೆಗೆ ಮುನ್ನುಡಿ ಬರೆದರು. ಕೃತಿಯು ಅನ್ಯವಸ್ತುವಿನ ಪ್ರತಿಬಿಂಬವಲ್ಲ, ಸ್ವತಃ ಒಂದು ಅನುಭವ ಎಂಬುದು ಗುಂಪಿನ ನಿಲುವಾಗಿತ್ತು.

ಈ ನಿಲುವನ್ನು ಪಟೇಲರು ಬ್ಲೋಟಾರ್ಚಿನ ಜ್ವಾಲೆಯಿಂದ ಪರೀಕ್ಷೆಗೆ ಒಡ್ಡಿದರು. ಬಣ್ಣ ಬಳಿಯುವುದು ಸೇರಿಸುವ ಕ್ರಿಯೆ. ಸುಡುವುದು ಕಳೆಯುವ ಕ್ರಿಯೆ. ಈ ದೃಷ್ಟಿಯಿಂದ ಅವರು ಕಲ್ಕುಟಿಗನ ಬಂಧು. ಆದರೆ ಉಳಿ ಕೈಯ ಮಾತು ಕೇಳುವಷ್ಟು ಬೆಂಕಿ ಕೇಳದು. ಪ್ಲೈವುಡ್ಡಿನಲ್ಲಿ ಒಂದರ ಮೇಲೊಂದು ಅಂಟಿಸಿದ ಪದರಗಳ ಎಳೆಗಳು ಪರಸ್ಪರ ಅಡ್ಡವಾಗಿರುತ್ತವೆ. ಒಂದು ಪದರ ಉರಿದುಹೋದಂತೆ ಮತ್ತೊಂದು ದಿಕ್ಕಿನ ಎಳೆ ತೆರೆದುಕೊಳ್ಳುತ್ತದೆ. ಇಲ್ಲಿಯ ಕಪ್ಪು ಲೇಪಿಸಿದ ವರ್ಣವಲ್ಲ, ಮರವೇ ತಲುಪಿದ ಸ್ಥಿತಿ. ಕುಳಿಯೊಳಗಿನ ನೆರಳೂ ನಿಜವಾದ ನೆರಳು. ಕೋಣೆಯ ಬೆಳಕು ಬದಲಾದಂತೆ ಅದೂ ಬದಲಾಗುತ್ತದೆ. ಆದರೂ ಹಲಗೆ ಗೋಡೆಯ ಮೇಲೆಯೇ ಇದೆ; ಅದನ್ನು ಸುತ್ತಿ ನೋಡಲಾಗದು. ಆಕೃತಿ ಹಿನ್ನೆಲೆಯಿಂದ ಮುಂದಕ್ಕೆ ಬರದೆ ಒಳಕ್ಕೆ ಸರಿಯುವುದರಿಂದ ‘ಉಬ್ಬುಶಿಲ್ಪ’ವೆಂಬ ನಮ್ಮ ಪದವೂ ಇದಕ್ಕೆ ಒಗ್ಗುವುದಿಲ್ಲ.

ಈ ಕೃತಿಗಳಲ್ಲಿ ಹಿಂಸೆಯನ್ನೇ ಕಾಣುವ ವ್ಯಾಖ್ಯಾನವು ಅರ್ಧಸತ್ಯ. ಬೆಂಕಿ ಹಚ್ಚುವುದಕ್ಕಿಂತ ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ನಿರ್ಧಾರದಲ್ಲಿ ಕಲಾವಿದನ ವಿವೇಕವಿದೆ. ಸುಡದೆ ಉಳಿದ ಮರವೇ ಸುಟ್ಟ ಭಾಗಕ್ಕೆ ಆಕಾರ ಕೊಡುತ್ತದೆ. ಅದೇ ಗುಂಪಿನ ಹಿಮ್ಮತ್ ಷಾ ಸುಟ್ಟ ಕಾಗದದ ಕೊಲಾಜುಗಳಿಂದ ಹೊರಟು ಮುಂದೆ ಸುಡುಮಣ್ಣಿನ ಶಿಲ್ಪಕ್ಕೆ ಬಂದರು. ಪಟೇಲರಾದರೋ ಕಾಗದ ಮತ್ತು ಕಪ್ಪು ಶಾಯಿಗೆ ಮರಳಿದರು. ಆ ಚಿತ್ರಗಳ ಕಪ್ಪು ಸಾಂದ್ರವಾಗಿದೆ, ನಿಜ. ಆದರೆ ಹಲಗೆಯಲ್ಲಿ ವಾಸ್ತವವಾಗಿದ್ದ ಆಳ ಅಲ್ಲಿ ಸೂಚನೆಯಷ್ಟೇ ಆಗಿದೆ.

ಮುದ್ರಿತ ಛಾಯಾಚಿತ್ರದಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ: ಕುಳಿಯೂ ಶಾಯಿಯ ಕಲೆಯೂ ಒಂದೇ ಆಗಿ ತೋರುತ್ತವೆ. ಆದುದರಿಂದ ಪುಸ್ತಕದ ಪುಟಗಳನ್ನು ಮಾತ್ರ ಆಧರಿಸಿ ಪಟೇಲರನ್ನು ಕೇವಲ ಚಿತ್ರಕಾರರೆಂದು ನಿರ್ಣಯಿಸುವುದು ಸಾಧುವಲ್ಲ. ಸಂಶೋಧಕನು ಹಲಗೆಯ ಎದುರು, ಸ್ವಲ್ಪ ಓರೆಯಾಗಿ, ನಿಲ್ಲಲೇಬೇಕು.