ಕನ್ನಡ ಸತ್ಯವೇದದ ಮೂರು ಶಬ್ದಗಳು: ಪ್ರೀತಿ, ನೀತಿ, ನಿತ್ಯಜೀವ

ಕ್ರೈಸ್ತ ಶಾಸ್ತ್ರದ ಕನ್ನಡ ಭಾಷಾಂತರವನ್ನು ವಿಮರ್ಶಿಸುವಾಗ ಅದರ ವಾಕ್ಯರಚನೆಯ ದೋಷಗಳನ್ನು ಎಣಿಸುವುದು ಸುಲಭವಾದ ಕೆಲಸ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯುಂಟು. ಪರದೇಶದ ಒಂದು ಶಾಸ್ತ್ರದ ಮೂಲಭಾವನೆಗಳನ್ನು ಹೊರುವುದಕ್ಕೆ ಆರಿಸಿದ ಕನ್ನಡ ಶಬ್ದಗಳು, ತಮ್ಮ ಪೂರ್ವಾರ್ಥವನ್ನು ಎಷ್ಟು ಬಿಟ್ಟುಕೊಟ್ಟವು, ಎಷ್ಟು ಉಳಿಸಿಕೊಂಡವು ಎಂಬುದೇ ಅದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕಾರ್ಯವು ೧೮೩೧ರಲ್ಲಿ ಸಂಪೂರ್ಣ ಗ್ರಂಥವಾಗಿ ಮುಗಿಯಿತು. ತರುವಾಯ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ಅದನ್ನು ತಿದ್ದಿದರು. ಈ ದೀರ್ಘ ಪರಿಶ್ರಮದಿಂದ ಪ್ರೀತಿ, ನೀತಿ, ನಿತ್ಯಜೀವ ಎಂಬ ಮೂರು ಶಬ್ದಗಳು ಕನ್ನಡ ಸಭೆಗಳಲ್ಲಿ ಸ್ಥಿರಪಟ್ಟವು. ಇವು ಮೂರೂ ಸಮಾನವಾಗಿ ಸಫಲವಾದುವೆಂದು ಹೇಳುವುದಕ್ಕಾಗದು.

ಈ ಪರೀಕ್ಷೆಗೆ ಒರೆಗಲ್ಲಾಗಿ ಒಂದು ಸೀಮೆಯ ಶ್ರೋತೃಗಳನ್ನು ಮುಂದಿಟ್ಟುಕೊಳ್ಳುವುದು ಉಚಿತ. ನಿಂಬರ್ಗಾ ಗ್ರಾಮವಿರುವ ಆಳಂದ, ಅದರ ನೆರೆಯ ಅಫಜಲಪುರ, ಜೇವರ್ಗಿ, ಇವು ಕಲಬುರಗಿ ಜಿಲ್ಲೆಯ ತತ್ತ್ವಪದಗಳ ನೆಲೆ. ಕಡಕೋಳ ಮಡಿವಾಳಪ್ಪನೂ, ಅವನ ಶಿಷ್ಯನಾದ ಚೆನ್ನೂರ ಜಲಾಲಸಾಹೇಬನೂ ಇಲ್ಲಿಯವರು. ಮೆಥೊಡಿಸ್ಟ್ ಸಭೆಗಳು ಸುವಾರ್ತೆಯನ್ನು ಈ ಜಿಲ್ಲೆಗೆ ತಂದಾಗ ಅದು ಬರಿದಾದ ಕಿವಿಗೆ ಬೀಳಲಿಲ್ಲ. ವಚನ, ತತ್ತ್ವಪದ, ಸೂಫೀ ಬೋಧೆಗಳಿಂದ ಪಳಗಿದ ಕಿವಿಗೆ ಬಿದ್ದಿತು. ಆ ಕಿವಿಗೆ ಈ ಮೂರು ಶಬ್ದಗಳು ಹೇಗೆ ಕೇಳಿಸತಕ್ಕವು?

ಮೊದಲನೆಯದಾಗಿ ಪ್ರೀತಿ. ಗ್ರೀಕಿನ ಅಗಾಪೆ ಎಂಬುದಕ್ಕೆ ಭಕ್ತಿ, ದಯೆ, ಒಲುಮೆ ಎಂಬ ಶಬ್ದಗಳು ಸಿದ್ಧವಾಗಿದ್ದುವು. ಆದರೆ ಭಕ್ತಿಯು ಮೇಲ್ಮುಖವಾದುದು, ಮನುಷ್ಯನಿಂದ ದೇವರ ಕಡೆಗೆ ಹೋಗುವುದು. ದಯೆಯು ಕೆಳಮುಖವಾದುದು, ಬಲವುಳ್ಳವನಿಂದ ಬಲಹೀನನ ಕಡೆಗೆ ಇಳಿಯುವುದು. ಯೋಹಾನನ ಮೊದಲನೆಯ ಪತ್ರಿಕೆಯ ವಾದವಾದರೋ ದೇವರು ಮನುಷ್ಯನಲ್ಲಿಟ್ಟುದನ್ನೂ, ಮನುಷ್ಯನು ದೇವರಲ್ಲಿಡಬೇಕಾದುದನ್ನೂ, ಸಹೋದರನಲ್ಲಿಡಬೇಕಾದುದನ್ನೂ ಒಂದೇ ಶಬ್ದದಿಂದ ಹೇಳುವುದರಲ್ಲಿಯೇ ನಿಂತಿದೆ. ಮೂರಕ್ಕೆ ಮೂರು ಶಬ್ದಗಳಿದ್ದಿದ್ದರೆ ಆ ವಾದವೇ ಕುಸಿಯುತ್ತಿತ್ತು. ಒಲುಮೆಯು ಎರಡು ದಿಕ್ಕಿಗೂ ಸಲ್ಲುವುದಾದರೂ ಶರಣರ ಬಳಕೆಯಲ್ಲಿ ಅದು ಆಜ್ಞೆಗೆ ಒಳಪಡದ ಪ್ರಸಾದ. ಸುವಾರ್ತೆಯ ಪ್ರೀತಿಯೋ ಆಜ್ಞಾರೂಪವಾದುದು. ಸಾಧಾರಣವಾದ, ಮನೆಮಾತಿನ ‘ಪ್ರೀತಿ’ಯನ್ನು ಆರಿಸಿದುದರಲ್ಲಿ ಭಾಷಾಂತರಕಾರರ ವಿವೇಕವು ಸ್ಪಷ್ಟವಾಗಿದೆ.

ನೀತಿಯ ವಿಷಯದಲ್ಲಿ ಹಾಗೆನ್ನಲಾಗದು. ಹೀಬ್ರೂ ಭಾಷೆಯ ಚೆದಾಕಾ, ಗ್ರೀಕಿನ ದಿಕಾಯೊಸೂನೆ ಎಂಬವುಗಳಲ್ಲಿ ದೇವರು ತನ್ನ ಒಡಂಬಡಿಕೆಗೆ ನಿಷ್ಠನಾಗಿರುವುದು, ಬಡವನಿಗೆ ನ್ಯಾಯ ದೊರಕಿಸುವುದು, ಮನುಷ್ಯನ ಸನ್ನಡತೆ ಇವೆಲ್ಲ ಅಡಕವಾಗಿವೆ. ಕನ್ನಡದ ನೀತಿಯೋ ಪಂಚತಂತ್ರ, ನೀತಿಶತಕಗಳಿಂದ ಬಂದ ಲೋಕಜ್ಞಾನದ ಶಬ್ದ; ರಾಜನೀತಿಯಲ್ಲಿ ಉಪಾಯಕ್ಕೂ ಸಲ್ಲುವಂಥದು. ಆದುದರಿಂದ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ನಂಬಿಕೆಯ ಮೂಲಕ ನೀತಿಯು ದೇವರಿಂದ ದೊರಕುವುದೆಂದು ಪೌಲನು ವಾದಿಸುವಾಗ ಕನ್ನಡ ವಾಚಕನು ಬೆರಗಾಗುವನು. ನೀತಿಯನ್ನು ಕಲಿಯಬಹುದು, ನಡೆಯಬಹುದು; ದಾನವಾಗಿ ಪಡೆಯುವುದೆಂತು? ಧರ್ಮವೆಂಬ ಶಬ್ದವು ಹಲವು ಕಡೆ ಹೆಚ್ಚು ಸಮೀಪವಾಗುತ್ತಿತ್ತು. ಬಡವನಿಗೆ ಕೊಡುವುದನ್ನು ಕನ್ನಡಿಗನು ‘ಧರ್ಮ ಮಾಡುವುದು’ ಎನ್ನುವಂತೆಯೇ ಯೆಹೂದ್ಯರೂ ಚೆದಾಕಾ ಎಂಬುದನ್ನು ದಾನವೆಂಬರ್ಥದಲ್ಲಿ ಬಳಸುತ್ತ ಬಂದರು. ಆದರೆ ಮೋಶೆಯ ವಿಧಿಗಳಿಗೆ ‘ಧರ್ಮಶಾಸ್ತ್ರ’ವೆಂಬ ಹೆಸರು ಬಳಕೆಯಾದ ಮೇಲೆ ಆ ಶಬ್ದವು ಬಿಡುವಾಗಿರಲಿಲ್ಲ. ಧರ್ಮಶಾಸ್ತ್ರದಿಂದ ಧರ್ಮವು ಲಭಿಸದೆಂದು ಬರೆದಿದ್ದರೆ ಪೌಲನ ವಾದವು ಒಗಟಾಗುತ್ತಿತ್ತು. ನೀತಿಯು ಆಯ್ಕೆಗಿಂತ ಹೆಚ್ಚಾಗಿ ಅನಿವಾರ್ಯತೆಯ ಫಲವೆಂದು ಊಹಿಸಲು ಅವಕಾಶವಿದೆ.

ನಿತ್ಯಜೀವವೆಂಬುದು ಇನ್ನೂ ತೊಡಕಿನದು. ಮೋಕ್ಷ, ಮುಕ್ತಿ ಎಂಬ ಶಬ್ದಗಳನ್ನು ಇಲ್ಲಿ ಬಿಟ್ಟುದು ಸರಿಯೇ. ಅವು ಬಿಡುಗಡೆಯನ್ನು ಹೇಳುವುವು. ಮೂಲದ ಜೋಏ ಎಂಬುದು ತುಂಬು ಬದುಕನ್ನು ಹೇಳುವುದು. ಆದರೆ ಕನ್ನಡದ ಜೀವಕ್ಕೆ ಬದುಕೆಂಬ ಅರ್ಥದ ಜೊತೆಗೆ ಜೀವಾತ್ಮನೆಂಬ ಶಾಸ್ತ್ರಾರ್ಥವೂ ಉಂಟು. ಮಾಧ್ವ ಮತದಲ್ಲಿ ಜೀವನು ಸ್ವಭಾವತಃ ನಿತ್ಯನು. ಇದ್ದುದನ್ನು ವರವಾಗಿ ಕೊಡುವುದರಲ್ಲಿ ಅವನಿಗೇನು ವಿಶೇಷ? ಜೀವಭಾವವನ್ನಳಿದು ಶಿವಭಾವವನ್ನು ಪಡೆಯಬೇಕೆಂಬ ಬೋಧೆಯಲ್ಲಿ ಬೆಳೆದ ತತ್ತ್ವಪದಕಾರನಿಗಂತೂ ನಿತ್ಯಜೀವವೆಂದರೆ ಕಳೆಯಬೇಕಾದುದನ್ನೇ ಕಾಯಂ ಮಾಡಿದಂತೆ ಕೇಳಿಸುವ ಸಂಭವವಿದೆ.

ಹಾಗಾದರೆ ಭಾಷಾಂತರವು ಸೋತಿತೇ? ಇಲ್ಲವೆನ್ನುವುದಕ್ಕೆ ಗ್ರಂಥದಲ್ಲಿಯೇ ಆಧಾರವಿದೆ. ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯವು ದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವವೆಂದು ಲಕ್ಷಣ ಹೇಳುತ್ತದೆ. ಅರಿವೇ ಬದುಕೆಂಬ ಮಾತು ಕಡಕೋಳದ ಪರಂಪರೆಗೆ ಅಪರಿಚಿತವಲ್ಲ. ಅದೇ ಲೇಖಕನದೆಂದು ಸಂಪ್ರದಾಯವು ಹೇಳುವ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಮೂರು ಶಬ್ದಗಳೂ ಒಂದನ್ನೊಂದು ತಿದ್ದುತ್ತವೆ. ನೀತಿಯಿಲ್ಲದವನು ದೇವರವನಲ್ಲವೆಂದ ಕೂಡಲೆ, ಸಹೋದರನನ್ನು ಪ್ರೀತಿಸದವನೂ ಅಲ್ಲವೆಂದು ಸೇರಿಸಿ, ನೀತಿಯನ್ನು ಉಪಾಯದ ಅರ್ಥದಿಂದ ಬಿಡಿಸಲಾಗಿದೆ. ಪ್ರೀತಿಸುವವನು ಮರಣವನ್ನು ದಾಟಿ ಈಗಲೇ ಜೀವದಲ್ಲಿ ಸೇರಿದ್ದಾನೆಂದು ಹೇಳಿ, ನಿತ್ಯಜೀವವನ್ನು ಪರಲೋಕಕ್ಕೆ ಮಾತ್ರ ಮೀಸಲಾಗದಂತೆ ಮಾಡಲಾಗಿದೆ. ಕೊರತೆಯಲ್ಲಿರುವ ಸಹೋದರನಿಗೆ ಕರುಳನ್ನು ಮುಚ್ಚಿಕೊಂಡವನಲ್ಲಿ ದೇವರ ಪ್ರೀತಿಯು ನಿಲ್ಲುವುದೆಂತೆಂಬ ಪ್ರಶ್ನೆಯಿಂದ, ಪ್ರೀತಿಯು ಬರಿಯ ಭಾವವಾಗದೆ ಕ್ರಿಯೆಯಾಗುತ್ತದೆ.

ಇದರಿಂದ ಸಾಹಿತ್ಯಾಧ್ಯಾಪಕರಿಗೆ ದೊರೆಯುವ ಪಾಠವೊಂದುಂಟು. ಪಾರಿಭಾಷಿಕ ಶಬ್ದವನ್ನು ನಿಘಂಟಿನಲ್ಲಿ ಒಂಟಿಯಾಗಿ ತೂಗಿ ತೀರ್ಪು ಕೊಡಬಾರದು. ೧೮೬೨ರ ಕಥಾಮಾಲೆಯಲ್ಲಿ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿ ಇನ್ನೊಂದು ದಾರಿಯನ್ನು ತೋರಿದರು. ಅಲ್ಲಿ ಲಯವೇ ಪರಕೀಯತೆಯನ್ನು ತಗ್ಗಿಸುವ ಸಾಧನ. ಗದ್ಯದ ಸತ್ಯವೇದಕ್ಕೆ ಆ ಅನುಕೂಲವಿಲ್ಲ. ಅದರ ಶಬ್ದಗಳು ಪರಸ್ಪರ ಸಾಕ್ಷಿ ನುಡಿದು ಅರ್ಥವನ್ನು ಗಳಿಸಬೇಕು. ಪ್ರೀತಿ ಮೊದಲೇ ಗೆದ್ದ ಶಬ್ದ. ನೀತಿ, ನಿತ್ಯಜೀವಗಳು ಅದರ ಆಸರೆಯಿಂದ ನಿಂತವು. ಆ ಆಸರೆಯನ್ನು ಬಿಟ್ಟು ಓದಿದಲ್ಲೆಲ್ಲ ಒಂದು ನೀತಿಪಾಠವಾಗಿಯೂ ಇನ್ನೊಂದು ಪರಲೋಕದ ಆಶ್ವಾಸನೆಯಾಗಿಯೂ ಕುಗ್ಗುವುದು ತಪ್ಪದು.